ಕಬ್ಬಿನ ಹಾಲಿನ ಸಕ್ಕರೆಯನ್ನು ಬೆಳಕಿನಿಂದ ಅಳೆಯುವ ಬಗೆ

ಕಬ್ಬಿನ ತೂಕ ಎಲ್ಲರ ಕಣ್ಣಿಗೂ ಕಾಣುವಂಥದು. ಗಾಡಿ ಕಾಟಾದ ಮೇಲೆ ನಿಂತಾಗ ಅಂಕಿ ಓದಬಹುದು, ಚೀಟಿ ಕೈಗೆ ಬರುತ್ತದೆ, ಅನುಮಾನ ಬಂದರೆ ಅಲ್ಲಿಯೇ ನಿಂತು ಕೇಳಬಹುದು. ಆದರೆ ಕಬ್ಬಿನ ದರ ತೂಕದ ಮೇಲೆ ಮಾತ್ರ ನಿಂತಿಲ್ಲ. ಕ್ವಿಂಟಲ್ ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯಿತು ಎಂಬುದರ ಮೇಲೆಯೂ ನಿಂತಿದೆ. ಅರೆಯುವ ಕಬ್ಬಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಕಾರ್ಖಾನೆಯ ಪ್ರಯೋಗಶಾಲೆ ತಿಳಿಯುವುದು ಒಂದು ಗಾಜಿನ ಕೊಳವೆಯ ಮೂಲಕ ಹಾಯ್ದ ಬೆಳಕು ಎಷ್ಟು ಡಿಗ್ರಿ ತಿರುಗಿತು ಎಂಬುದನ್ನು ನೋಡಿ. ಈ ತಿರುಗುವಿಕೆ ಏನು, ಅದು ಯಾವಾಗ ನಿಜ ಹೇಳುತ್ತದೆ, ಯಾವಾಗ ಮೋಸಗೊಳಿಸುತ್ತದೆ ಎಂಬುದನ್ನು ಕಬ್ಬು ಬೆಳೆಗಾರರು ತಿಳಿದಿರುವುದು ಒಳ್ಳೆಯದು.

ಬೀದರ ಜಿಲ್ಲೆಯಲ್ಲಿ ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ, ಇಮಾಂಪುರದ ನಾರಂಜಾ, ಭಾಲ್ಕಿ ತಾಲ್ಲೂಕಿನ ಹುಂಜಿಯ ಮಹಾತ್ಮಾ ಗಾಂಧಿ ಕಾರ್ಖಾನೆ, ಈ ಹೆಸರುಗಳು ಯಾರಿಗೂ ಹೊಸತಲ್ಲ. ಮೈಲೂರದಿಂದ ಭಾಲ್ಕಿಯವರೆಗೆ, ಅತ್ತ ಔರಾದದ ಮಾಂಜ್ರಾ ದಂಡೆಯವರೆಗೆ, ತೊಗರಿ, ಉದ್ದು, ಸೋಯಾಬೀನ್ ಬೆಳೆಯುವ ಮನೆತನಗಳು ನೀರಿದ್ದ ತುಂಡಿನಲ್ಲಿ ಕಬ್ಬು ಹಚ್ಚುವುದು ವಾಡಿಕೆ. ವರ್ಷವಿಡೀ ನೀರು ಕುಡಿಸಿ ಬೆಳೆಸಿದ ಈ ಬೆಳೆಯ ಹಣ ಕೊನೆಯ ಮೂರು ನಾಲ್ಕು ದಿನಗಳಲ್ಲಿ ಸೋರಿಹೋಗಬಹುದು ಎಂಬುದೇ ಈ ಲೇಖನದ ವಿಷಯ.

ಮೊದಲು ಹಣದ ಲೆಕ್ಕ ನೋಡೋಣ. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2009ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸರ್ಕಾರವು ನ್ಯಾಯೋಚಿತ ಮತ್ತು ಲಾಭದಾಯಕ ದರವನ್ನು ಪ್ರತಿ ಹಂಗಾಮಿಗೂ ಗೊತ್ತುಪಡಿಸುತ್ತದೆ. 2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲಿಗೆ ರೂ. 355 ಎಂದು ಘೋಷಿಸಲಾಯಿತು. ಇಳುವರಿ ಶೇ. 0.1 ಏರಿದರೆ ಕ್ವಿಂಟಲಿಗೆ ರೂ. 3.46 ಹೆಚ್ಚು, ಇಳಿದರೆ ಅಷ್ಟೇ ಕಡಿಮೆ, ಶೇ. 9.5ಕ್ಕಿಂತ ಕೆಳಗೆ ಹೋದರೆ ಮಾತ್ರ ಇನ್ನೂ ಕಡಿತವಿಲ್ಲದೆ ರೂ. 329.05. ಟನ್ನಿನ ಲೆಕ್ಕದಲ್ಲಿ ಶೇ. 0.1 ಎಂದರೆ ರೂ. 34.60. ಇಳುವರಿ 10.25ರಿಂದ 10.75ಕ್ಕೆ ಏರಿದರೆ ಟನ್ನಿಗೆ ರೂ. 173. ಎಕರೆಗೆ 40 ಟನ್ ತೆಗೆಯುವವನಿಗೆ ಅದು ರೂ. 6,920 ಆಗುತ್ತದೆ. ಒಂದು ಹಿಡಿ ಗೊಬ್ಬರವನ್ನೂ ಹೆಚ್ಚಿಗೆ ಹಾಕದೆ ಬರುವ ಹಣ ಇದು.

ಬೆಳಕಿಗೂ ಒಂದು ಮಗ್ಗುಲು

ಸೂರ್ಯನ ಬೆಳಕಾಗಲಿ, ದೀಪದ ಬೆಳಕಾಗಲಿ ಅಲೆಯ ರೂಪದಲ್ಲಿ ಸಾಗುತ್ತದೆ. ಒಂದು ಹಗ್ಗದ ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಕುಲುಕಿದರೆ ಹಗ್ಗದುದ್ದಕ್ಕೂ ಅಲೆ ಓಡುತ್ತದೆ. ಕೈಯನ್ನು ಮೇಲೆ ಕೆಳಗೆ ಆಡಿಸಿದರೆ ಅಲೆಯೂ ಮೇಲೆ ಕೆಳಗೆ. ಎಡಕ್ಕೆ ಬಲಕ್ಕೆ ಆಡಿಸಿದರೆ ಅಲೆಯೂ ಅಡ್ಡಡ್ಡ. ಸಾಮಾನ್ಯ ಬೆಳಕಿನಲ್ಲಿ ಈ ಕುಲುಕು ಎಲ್ಲ ಮಗ್ಗುಲಿಗೂ ಬೆರೆತಿರುತ್ತದೆ. ಈಗ ಹಗ್ಗವನ್ನು ನಿಲುವು ಗಳಗಳ ತಡಿಕೆಯ ಸಂದಿಯೊಳಗಿಂದ ಹಾಯಿಸಿದರೆ ಮೇಲೆ ಕೆಳಗಿನ ಅಲೆ ಮಾತ್ರ ದಾಟುತ್ತದೆ, ಅಡ್ಡ ಅಲೆ ಗಳಕ್ಕೆ ಬಡಿದು ಸತ್ತುಹೋಗುತ್ತದೆ. ಬೆಳಕಿಗೂ ಇಂಥ ತಡಿಕೆಗಳುಂಟು. ಕೆಲವು ಹರಳುಗಳು, ಪೋಲರಾಯ್ಡ್ ಎಂಬ ತೆಳು ಹಾಳೆ ಈ ಕೆಲಸ ಮಾಡುತ್ತವೆ. ಅವುಗಳಿಂದ ಹೊರಬಂದು ಒಂದೇ ಮಗ್ಗುಲಿಗೆ ಕುಲುಕುವ ಬೆಳಕಿಗೆ ಧ್ರುವೀಕೃತ ಬೆಳಕು ಎನ್ನುತ್ತಾರೆ.

ಇದು ಪ್ರಯೋಗಶಾಲೆಯಲ್ಲಿ ಮಾತ್ರ ಸಿಗುವ ವಸ್ತುವಲ್ಲ. ನೀರು ನಿಂತ ಹೊಲದಿಂದ ಕಣ್ಣು ಕುಕ್ಕುವಂತೆ ಹೊಳೆಯುವ ಬೆಳಕು ಬಹುಪಾಲು ಧ್ರುವೀಕೃತ. ಮಾಲುಸ್ ಎಂಬ ಫ್ರೆಂಚ್ ವಿಜ್ಞಾನಿ 1808ರಲ್ಲಿ ಪ್ಯಾರಿಸಿನ ಅರಮನೆಯೊಂದರ ಕಿಟಕಿಯ ಗಾಜಿನಿಂದ ಮರಳಿ ಬಂದ ಸಂಜೆಯ ಬೆಳಕನ್ನು ಹರಳಿನ ಮೂಲಕ ನೋಡುತ್ತಿದ್ದಾಗಲೇ ಇದನ್ನು ಗುರುತಿಸಿದನು. ನೀಲಿ ಆಕಾಶದ ಬೆಳಕಿನಲ್ಲಿಯೂ ಈ ಗುಣವಿದೆ. ಮನುಷ್ಯನ ಕಣ್ಣಿಗೆ ಅದು ತಿಳಿಯದು, ಜೇನುಹುಳಕ್ಕೆ ತಿಳಿಯುತ್ತದೆ. ಮೋಡದ ಮರೆಯಲ್ಲಿ ಸೂರ್ಯನಿದ್ದರೂ ಅದು ತುಸು ನೀಲಿ ಕಂಡರೆ ಸಾಕು, ದಾರಿ ತಪ್ಪದೆ ಗೂಡಿಗೆ ಬರುತ್ತದೆ.

ಹಗ್ಗದ ಹುರಿ ಮತ್ತು ಸಕ್ಕರೆಯ ಅಣು

ಧ್ರುವೀಕೃತ ಬೆಳಕನ್ನು ಬರೀ ನೀರಿನ ಮೂಲಕ ಕಳಿಸಿದರೆ ಅದರ ಮಗ್ಗುಲು ಬದಲಾಗುವುದಿಲ್ಲ. ಉಪ್ಪಿನ ನೀರಿನಲ್ಲಿಯೂ ಬದಲಾಗುವುದಿಲ್ಲ. ಸಕ್ಕರೆಯ ನೀರಿನಲ್ಲಿ ಮಾತ್ರ ಅದು ಸಾಗುತ್ತ ಸಾಗುತ್ತ ಮೆಲ್ಲಗೆ ಹೊರಳಿ, ಹೊರಬರುವಾಗ ಬೇರೆ ಮಗ್ಗುಲಿಗೆ ನಿಂತಿರುತ್ತದೆ. ಬಯೋ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ 1815ರಲ್ಲಿ ಸಕ್ಕರೆಯ ದ್ರಾವಣ, ಕರ್ಪೂರ, ಟರ್ಪೆಂಟೈನ್ ಎಣ್ಣೆ ಇವುಗಳಲ್ಲಿ ಇದನ್ನು ಕಂಡನು. ಹರಳಾಗಿ ಗಟ್ಟಿಯಿರುವ ವಸ್ತು ಹೀಗೆ ಮಾಡಿದರೆ ಅದರ ಜೋಡಣೆಯೇ ಕಾರಣವೆನ್ನಬಹುದು. ನೀರಿನಲ್ಲಿ ಕರಗಿ ದಿಕ್ಕಾಪಾಲಾಗಿ ತೇಲುವ ಅಣುಗಳೂ ಹೀಗೆ ಮಾಡುತ್ತವೆಂದರೆ ಗುಟ್ಟು ಒಂದೊಂದು ಅಣುವಿನ ಒಳಗೇ ಇರಬೇಕು.

ಆ ಗುಟ್ಟು ಎಡಬಲದ್ದು. ನಮ್ಮ ಎರಡು ಕೈಗಳು ಅಳತೆಯಲ್ಲಿ ಒಂದೇ, ಬೆರಳುಗಳೂ ಅಷ್ಟೇ. ಆದರೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದಂತೆ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಕನ್ನಡಿಯೊಳಗಿನ ಬಿಂಬದಂತೆ ಅವು ಒಂದಕ್ಕೊಂದು ತಿರುವುಮುರುವು. ಇಂಥ ರಚನೆಯುಳ್ಳ ಅಣುವಿಗೆ ಕೈರಲ್ ಅಣು ಎಂದು ಹೆಸರು; ಗ್ರೀಕ್ ಭಾಷೆಯ 'ಕೈ' ಎಂಬರ್ಥದ ಪದದಿಂದ ಬಂದದ್ದು. ಕಿವಿಗೆ ಕನ್ನಡದ್ದೇ ಎನಿಸುವ ಮಾತು.

ಎಲ್ಲ ದಿಕ್ಕಿಗೂ ಚೆದುರಿದ ಅಣುಗಳು ಒಂದೇ ಕಡೆಗೆ ಬೆಳಕನ್ನು ಹೇಗೆ ತಿರುಗಿಸುತ್ತವೆ? ಒಂದು ಕಡೆ ಮುಖ ಮಾಡಿದ ಅಣು ಬಲಕ್ಕೆ ತಿರುಗಿಸಿದರೆ, ಹಿಂದುಮುಂದಾಗಿ ನಿಂತ ಅಣು ಎಡಕ್ಕೆ ತಿರುಗಿಸಿ ಲೆಕ್ಕ ಚುಕ್ತಾ ಆಗಬೇಕಲ್ಲವೆ? ಹಗ್ಗ ಹೊಸೆದವರಿಗೆ ಇದರ ಉತ್ತರ ಗೊತ್ತಿದೆ. ಬಲಕ್ಕೆ ಹುರಿಗೊಂಡ ಹಗ್ಗವನ್ನು ಈ ತುದಿಯಿಂದ ನೋಡಿದರೂ ಬಲಹುರಿ, ಆ ತುದಿಯಿಂದ ನೋಡಿದರೂ ಬಲಹುರಿ. ಅದನ್ನು ನೆಲದ ಮೇಲೆ ಹೇಗೆ ಎಸೆದರೂ ಎಡಹುರಿ ಆಗುವುದಿಲ್ಲ. ಸಕ್ಕರೆಯ ಅಣುವಿನ ಎಡಬಲವೂ ಹಾಗೆಯೇ, ತಲೆಕೆಳಗಾದರೂ ಬದಲಾಗದು. ಆದ್ದರಿಂದ ಎಲ್ಲ ಅಣುಗಳ ತಿರುವು ಒಂದೇ ಕಡೆಗೆ ಕೂಡುತ್ತದೆ. ಅಣುಗಳು ಹೆಚ್ಚಿದಷ್ಟೂ, ಕೊಳವೆ ಉದ್ದವಾದಷ್ಟೂ ತಿರುವು ಹೆಚ್ಚು. ಅಳತೆಗೆ ಬೇಕಾದದ್ದು ಇದೇ.

ಇನ್ನು ತಿರುವು ಹುಟ್ಟುವ ಬಗೆ. ಒಂದೇ ಮಗ್ಗುಲಿಗೆ ಕುಲುಕುವ ಬೆಳಕನ್ನು ಎರಡು ಬೆಳಕುಗಳ ಜೋಡಿಯೆಂದು ತಿಳಿಯಬಹುದು: ಒಂದು ಬಲಕ್ಕೆ ಸುತ್ತುತ್ತ ಸಾಗುವುದು, ಇನ್ನೊಂದು ಎಡಕ್ಕೆ ಸುತ್ತುತ್ತ ಸಾಗುವುದು. ಎರಡೂ ಸಮವೇಗದಲ್ಲಿ ನಡೆದರೆ ಮಗ್ಗುಲು ನೆಟ್ಟಗಿರುತ್ತದೆ. ನೊಗಕ್ಕೆ ಹೂಡಿದ ಎರಡು ಎತ್ತುಗಳಂತೆ; ಒಂದು ಎತ್ತು ತುಸು ಮುಂದಾದರೆ ಸಾಲು ವಾರೆಯಾಗುತ್ತದೆ. ಎಡಬಲ ಭೇದವುಳ್ಳ ಅಣುಗಳ ನಡುವೆ ಹಾಯುವಾಗ ಈ ಎರಡು ಬೆಳಕುಗಳಲ್ಲಿ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ನಿಧಾನವಾಗುತ್ತದೆ. 100 ಮಿಲಿ ಲೀಟರಿನಲ್ಲಿ 26 ಗ್ರಾಂ ಸಕ್ಕರೆಯಿರುವ ದ್ರಾವಣದಲ್ಲಿ ಈ ವ್ಯತ್ಯಾಸ ಹತ್ತು ಲಕ್ಷದಲ್ಲಿ ಸುಮಾರು ಅರ್ಧ ಪಾಲು ಮಾತ್ರ. ಆದರೆ ಬೆಳಕಿನ ಅಲೆ ಅತಿ ಸಣ್ಣದು. 20 ಸೆಂಟಿಮೀಟರ್ ದಾರಿಯಲ್ಲಿ ಲಕ್ಷಾಂತರ ಅಲೆಗಳು ಹಿಡಿಸುತ್ತವೆ. ಹೀಗಾಗಿ ಆ ಕೂದಲೆಳೆಯ ವ್ಯತ್ಯಾಸವೇ ಕೂಡಿ ಕೂಡಿ ಕೊಳವೆಯ ಕೊನೆಯಲ್ಲಿ 34.6 ಡಿಗ್ರಿಯಷ್ಟು ದೊಡ್ಡ ತಿರುವಾಗುತ್ತದೆ.

ಎಡಬಲದ ಈ ಮಾತು ಸಕ್ಕರೆಗೆ ಮಾತ್ರ ಸೇರಿದ್ದಲ್ಲ. ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವೂ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. 1848ರಲ್ಲಿ ಲೂಯಿ ಪಾಶ್ಚರ್ ಇದೇ ಕುಲದ, ಆದರೆ ಬೆಳಕನ್ನು ತಿರುಗಿಸದ ಒಂದು ಆಮ್ಲದ ಲವಣವನ್ನು ಹರಳುಗಟ್ಟಿಸಿ, ಎಡಮುಖದ ಹರಳು ಬಲಮುಖದ ಹರಳುಗಳನ್ನು ಚಿಮುಟದಿಂದ ಬೇರ್ಪಡಿಸಿದನು. ಒಂದು ರಾಶಿ ಬೆಳಕನ್ನು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿಸಿತು. ಜೀವಿಗಳು ಎರಡರಲ್ಲಿ ಒಂದನ್ನೇ ಹೆಚ್ಚಾಗಿ ತಯಾರಿಸುತ್ತವೆ, ಒಂದನ್ನೇ ಹೆಚ್ಚಾಗಿ ಒಪ್ಪುತ್ತವೆ. ಸೋಯಾಬೀನಿನಲ್ಲಿ ಹುಲ್ಲು ಕಳೆಗೆ ಬಳಸುವ ಕ್ವಿಜಾಲೋಫಾಪ್ ಎಂಬ ಕಳೆನಾಶಕದಲ್ಲಿ ಕಳೆಯನ್ನು ಕೊಲ್ಲುವುದು ಒಂದು ಕೈಯ ಅಣು ಮಾತ್ರ. ಆ ಒಂದನ್ನೇ ಬೇರ್ಪಡಿಸಿ ತಯಾರಿಸಿದಾಗ ಹೆಸರಿನಲ್ಲಿ 'ಪಿ' ಎಂಬ ಅಕ್ಷರ ಸೇರುತ್ತದೆ. ಡಬ್ಬಿ ಕೊಳ್ಳುವಾಗ ಇಂಥ ಅಕ್ಷರವನ್ನು ಕಡೆಗಣಿಸದೆ, ಆ ಡಬ್ಬಿಯ ಮೇಲೆ ನಮೂದಿಸಿದ ಪ್ರಮಾಣವನ್ನೇ ಅನುಸರಿಸಬೇಕು.

ಪೋಲ್ ಎಂದರೇನು?

ಕಾರ್ಖಾನೆಯ ಪ್ರಯೋಗಶಾಲೆಯಲ್ಲಿರುವ ಪೋಲಾರಿಮೀಟರ್ ಎಂಬ ಉಪಕರಣದಲ್ಲಿ ಎರಡು ಬೆಳಕಿನ ತಡಿಕೆಗಳೂ ನಡುವೆ 200 ಮಿಲಿಮೀಟರ್ ಉದ್ದದ ಕೊಳವೆಯೂ ಇರುತ್ತವೆ. ಕಬ್ಬಿನ ಹಾಲು ಮಬ್ಬಾಗಿರುವುದರಿಂದ ಅದಕ್ಕೆ ಸೀಸದ ಲವಣವನ್ನು ಬೆರೆಸಿ, ಮಡ್ಡಿಯನ್ನು ಸೋಸಿ, ತಿಳಿಯನ್ನು ಕೊಳವೆಗೆ ತುಂಬುವುದು ಹಳೆಯ ಕ್ರಮ. ಸೀಸ ವಿಷವಾದ್ದರಿಂದ ಬೇರೆ ವಿಧಾನಗಳೂ ಬಂದಿವೆ. ಬೆಳಕು ಎಷ್ಟು ತಿರುಗಿದೆಯೋ ಅಷ್ಟನ್ನು ಉಪಕರಣ ಓದುತ್ತದೆ. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿ ಲೀಟರ್ ದ್ರಾವಣವಾಗಿ ಮಾಡಿ ನೋಡಿದಾಗ ಬರುವ ತಿರುವಿಗೆ 100 ಎಂದು ಅಂಕಿ ಕೊಟ್ಟಿದ್ದಾರೆ. ಇದು ಜಗತ್ತಿನ ಎಲ್ಲ ಸಕ್ಕರೆ ವ್ಯಾಪಾರಕ್ಕೂ ಒಂದೇ ಅಳತೆ.

ಒಂದು ಉದಾಹರಣೆ. ಹಾಲು 71 ಅಂಕಿ ತೋರಿಸಿತೆಂದು ಇಟ್ಟುಕೊಳ್ಳಿ. 71ನ್ನು 0.26ರಿಂದ ಗುಣಿಸಿದರೆ 100 ಮಿಲಿ ಲೀಟರಿನಲ್ಲಿ 18.46 ಗ್ರಾಂ ಸಕ್ಕರೆ. ಹಾಲಿನ ಸಾಂದ್ರತೆ 1.08 ಇದ್ದರೆ ಅದರಿಂದ ಭಾಗಿಸಿ ಶೇ. 17.1. ಇದೇ ಹಾಲಿನ ಪೋಲ್. ಅದರ ಬ್ರಿಕ್ಸ್, ಅಂದರೆ ಕರಗಿದ ಎಲ್ಲ ಘನವಸ್ತುಗಳ ಪ್ರಮಾಣ, 20 ಇದ್ದರೆ ನೂರು ಪಾಲು ಘನದಲ್ಲಿ ಸುಮಾರು 85.5 ಪಾಲು ಸಕ್ಕರೆ. ಇದಕ್ಕೆ ಶುದ್ಧತೆ ಎನ್ನುತ್ತಾರೆ. ಬ್ರಿಕ್ಸ್ 18ಕ್ಕೆ, ಪೋಲ್ 16ಕ್ಕೆ, ಶುದ್ಧತೆ 85ಕ್ಕೆ ಕಡಿಮೆಯಿಲ್ಲದಿದ್ದರೆ ಕಬ್ಬು ಪಕ್ವವಾಗಿದೆ ಎಂದು ಲೆಕ್ಕ. ಹಾಲಿನ ಪೋಲ್ ಬೇರೆ, ಕಬ್ಬಿನ ಪೋಲ್ ಬೇರೆ ಎಂಬುದನ್ನು ಮರೆಯಬಾರದು. ಕಬ್ಬಿನಲ್ಲಿ ನಾರೂ ಇದೆ. ಕಬ್ಬಿನಲ್ಲಿದ್ದ ಸಕ್ಕರೆಯಲ್ಲಿ ಸಿಪ್ಪೆ, ಮಡ್ಡಿ, ಕಾಕಂಬಿಗಳಲ್ಲಿ ಹೋದದ್ದನ್ನು ಕಳೆದು ಚೀಲಕ್ಕೆ ಇಳಿದದ್ದೇ ಇಳುವರಿ.

ಕಡಿದ ಮೇಲೆ ಬೆಳಕು ಎಡಕ್ಕೆ ವಾಲುವುದು

ಕಡಿದ ಕಬ್ಬು ಸತ್ತ ಕಟ್ಟಿಗೆಯಲ್ಲ. ಅದರಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವೂ ಹುಳಿಯೂ ಸೇರಿ ಸುಕ್ರೋಸ್ ಎಂಬ ನಮ್ಮ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತವೆ. ಸುಕ್ರೋಸಿನ ತಿರುಗಿಸುವ ಶಕ್ತಿ ಬಲಕ್ಕೆ 66.5. ಗ್ಲೂಕೋಸಿನದು ಬಲಕ್ಕೆ ಸುಮಾರು 52.7. ಫ್ರಕ್ಟೋಸಿನದು ಎಡಕ್ಕೆ ಸುಮಾರು 92. ಸಮಭಾಗವಾಗಿ ಬೆರೆತಾಗ ಎಡದ ಕೈ ಮೇಲಾಗಿ, ಒಟ್ಟು ತಿರುವು ಎಡಕ್ಕೆ ಸುಮಾರು 20. ಬಲಕ್ಕಿದ್ದದ್ದು ಎಡಕ್ಕೆ ಮಗುಚಿಕೊಂಡಿತೆಂದೇ ಈ ಮಿಶ್ರಣಕ್ಕೆ ಇನ್ವರ್ಟ್ ಸಕ್ಕರೆ, ಅಂದರೆ ಮಗುಚಿದ ಸಕ್ಕರೆ, ಎಂಬ ಹೆಸರು ಬಂದಿದೆ. ಜೇನುತುಪ್ಪವೂ ಬಹುಮಟ್ಟಿಗೆ ಇದೇ ಜಾತಿಯದು. ಒಳ್ಳೆಯ ಹೂಜೇನು ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಸಕ್ಕರೆಪಾಕ ಬೆರೆಸಿದರೆ ಬಲಕ್ಕೆ ವಾಲುತ್ತದೆ.

ಹತ್ತರಲ್ಲಿ ಒಂದು ಪಾಲು ಸಕ್ಕರೆ ಹೀಗೆ ಮಗುಚಿಕೊಂಡರೆ 34.6 ಡಿಗ್ರಿ ಇದ್ದ ತಿರುವು ಸುಮಾರು 30ಕ್ಕೆ ಇಳಿಯುತ್ತದೆ. ಅಂದರೆ ಸಕ್ಕರೆ ಶೇ. 10 ಹೋದರೆ ಪೋಲ್ ಶೇ. 13ರಷ್ಟು ಬೀಳುತ್ತದೆ. ಮಗುಚಿದ ಸಕ್ಕರೆ ಹರಳಾಗುವುದಿಲ್ಲ. ಅದು ನೇರ ಕಾಕಂಬಿಗೆ ಹೋಗುತ್ತದೆ.

ಇಲ್ಲಿ ರೈತರು ಎಚ್ಚರ ವಹಿಸಬೇಕಾದ ಮಾತೊಂದಿದೆ. ಕೈ ರಿಫ್ರ್ಯಾಕ್ಟೋಮೀಟರ್ ತೋರಿಸುವುದು ಬ್ರಿಕ್ಸನ್ನು, ಪೋಲನ್ನಲ್ಲ. ಅದಕ್ಕೆ ಎಡಬಲ ತಿಳಿಯದು. ಸುಕ್ರೋಸ್ ಒಡೆಯುವಾಗ ನೀರನ್ನು ಸೇರಿಸಿಕೊಳ್ಳುವುದರಿಂದ 100 ಕಿಲೋ ಸಕ್ಕರೆ ಒಡೆದರೆ 105 ಕಿಲೋ ಮಗುಚಿದ ಸಕ್ಕರೆಯಾಗುತ್ತದೆ. ಬ್ರಿಕ್ಸ್ ಇಳಿಯುವ ಬದಲು ಏರುತ್ತದೆ. ಮೇಲಾಗಿ ಬಿಸಿಲಿಗೆ ಕಬ್ಬು ಒಣಗಿ ಹಾಲು ಮಂದವಾಗುತ್ತದೆ. ಮೂರು ದಿನ ಬದುವಿನಲ್ಲಿ ಬಿದ್ದ ಕಬ್ಬಿನಲ್ಲಿ ಬ್ರಿಕ್ಸ್ ಹೆಚ್ಚಾಗಿರುವುದನ್ನು ಕಂಡು 'ಕಬ್ಬು ಸಿಹಿಯೇರಿದೆ' ಎಂದು ಸಂತೋಷಪಡುವುದು ಸರಿಯಲ್ಲ. ನಾಲಿಗೆಯೂ ಇಲ್ಲಿ ಸಾಕ್ಷಿಯಲ್ಲ, ಏಕೆಂದರೆ ಫ್ರಕ್ಟೋಸ್ ಸಕ್ಕರೆಗಿಂತ ಹೆಚ್ಚು ಸಿಹಿ.

ಪೋಲಾರಿಮೀಟರಿಗೂ ಮೋಸವಾಗುವ ಸಂದರ್ಭ ಒಂದಿದೆ. ಕಡಿದ ಬಾಯಿಯಿಂದ, ಸೀಳಿದ ಗಣಿಕೆಯಿಂದ ಲ್ಯೂಕೋನಾಸ್ಟಾಕ್ ಎಂಬ ಸೂಕ್ಷ್ಮಜೀವಿ ಒಳನುಗ್ಗಿ ಸಕ್ಕರೆಯನ್ನು ತಿಂದು ಡೆಕ್ಸ್ಟ್ರಾನ್ ಎಂಬ ಲೋಳೆಯನ್ನು ಮಾಡುತ್ತದೆ. ಈ ಲೋಳೆಯೂ ಕೈರಲ್ ವಸ್ತು. ಅದು ಬೆಳಕನ್ನು ಬಲಕ್ಕೆ, ಸಕ್ಕರೆಯ ಸುಮಾರು ಮೂರು ಪಟ್ಟು ಜೋರಾಗಿ ತಿರುಗಿಸುತ್ತದೆ. ಆದ್ದರಿಂದ ಒಂದು ಗ್ರಾಂ ಲೋಳೆ ಉಪಕರಣಕ್ಕೆ ಮೂರು ಗ್ರಾಂ ಸಕ್ಕರೆಯಂತೆ ಕಾಣುತ್ತದೆ. ಪುಸ್ತಕದಲ್ಲಿ ಪೋಲ್ ಚೆನ್ನಾಗಿದೆ, ಚೀಲದಲ್ಲಿ ಸಕ್ಕರೆಯಿಲ್ಲ. ಹಾಲು ಬೇಗ ಸೋಸುವುದಿಲ್ಲ, ಹರಳು ಸೂಜಿಯಂತೆ ಉದ್ದವಾಗುತ್ತದೆ, ನಷ್ಟ ಎಲ್ಲಿ ಆಯಿತೆಂದು ಲೆಕ್ಕಕ್ಕೆ ಸಿಗುವುದಿಲ್ಲ. ದರ ನಿರ್ಧಾರವಾಗುವುದು ಚೀಲಕ್ಕೆ ಇಳಿದ ಸಕ್ಕರೆಯಿಂದಾದ್ದರಿಂದ ಈ ಮೋಸದ ಹೊರೆ ಕೊನೆಗೆ ಬೆಳೆಗಾರನ ಮೇಲೂ ಬೀಳುತ್ತದೆ.

ಬೆಲ್ಲ ಮಾಡುವವರು ಇದನ್ನು ಉಪಕರಣವಿಲ್ಲದೆಯೇ ಬಲ್ಲರು. ಹಳಸಿದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತದೆ. ಮಗುಚಿದ ಸಕ್ಕರೆ ಗಾಳಿಯ ತೇವವನ್ನು ಹೀರುವುದೇ ಇದಕ್ಕೆ ಕಾರಣ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದೂ ಹುಳಿಯನ್ನು ಮುರಿದು ಸಕ್ಕರೆ ಮಗುಚದಂತೆ ತಡೆಯಲಿಕ್ಕೆ.

ಹೊಲದಲ್ಲಿ ಮಾಡಬೇಕಾದದ್ದು

ಪಕ್ವತೆಯನ್ನು ನಿಂತ ಕಬ್ಬಿನಲ್ಲಿ ನೋಡಬೇಕು. ಹೊಲದ ನಾಲ್ಕಾರು ಕಡೆ ಗಣಿಕೆ ಆರಿಸಿ ತುದಿಯ ಹಾಗೂ ಬುಡದ ಹಾಲಿನ ಬ್ರಿಕ್ಸ್ ಬೇರೆ ಬೇರೆ ಅಳೆಯಬೇಕು. ತುದಿಯ ಅಂಕಿ ಬುಡದ ಅಂಕಿಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚಾಗಿ ಎರಡೂ ಸಮಸಮನಾಗುತ್ತ ಬಂದರೆ ಕಟಾವಿಗೆ ಸಿದ್ಧ. ಇಲ್ಲಿ ರಿಫ್ರ್ಯಾಕ್ಟೋಮೀಟರ್ ನಂಬಿಕೆಗೆ ಅರ್ಹ, ಏಕೆಂದರೆ ಕಬ್ಬು ಇನ್ನೂ ಬೇರಿನ ಮೇಲಿದೆ. ಕೋ 86032ರಂಥ ತಳಿಗೆ ಪೂರ್ತಿ ಕಾಲ ಕೊಡದೆ ಟೋಳಿ ಸಿಕ್ಕಿತೆಂದು ಎಳೆಯದನ್ನೇ ಕಡಿಸಿದರೆ ತೂಕವೂ ಇಲ್ಲ, ಪೋಲೂ ಇಲ್ಲ. ತಡವಾಗಿ ಯೂರಿಯಾ ಕೊಟ್ಟ ಕಬ್ಬು ಹಸಿರಾಗಿ ಕಾಣುತ್ತದೆ, ಸಕ್ಕರೆ ಕಟ್ಟುವುದಿಲ್ಲ. ಕಟಾವಿಗೆ 10 ರಿಂದ 15 ದಿನ ಮೊದಲು ನೀರು ನಿಲ್ಲಿಸಬೇಕು.

ಕಡಿಯುವಾಗ ನೆಲಮಟ್ಟಕ್ಕೆ ಕಡಿಸಬೇಕು, ಬುಡದ ಗಣಿಕೆಗಳಲ್ಲಿಯೇ ಸಕ್ಕರೆ ಹೆಚ್ಚು. ತುದಿಯ ಎಳೆ ಭಾಗದಲ್ಲಿ ಗ್ಲೂಕೋಸ್ ಫ್ರಕ್ಟೋಸುಗಳೇ ಹೆಚ್ಚಿರುವುದರಿಂದ ಅದನ್ನು ದನಗಳಿಗೆ ಬಿಡುವುದೇ ಲಾಭ. ರವದಿಗೆ ಬೆಂಕಿ ಹಚ್ಚಿ ಕಡಿಯುವುದು ಕೂಲಿಯವರಿಗೆ ಸಲೀಸು. ಆದರೆ ಸುಟ್ಟ ಕಬ್ಬು ಬೇಗ ಹಳಸುತ್ತದೆ, ಲೋಳೆಯೂ ಅದರಲ್ಲಿ ಬೇಗ. ಕಡಿದ ಕಬ್ಬು 24 ಗಂಟೆಯೊಳಗೆ ಅರೆಯಲ್ಪಡಬೇಕು. ಫೆಬ್ರುವರಿ ಕಳೆದ ಮೇಲೆ ಬೀದರದ ಬಿಸಿಲಿನಲ್ಲಿ ಒಂದೊಂದು ತಾಸಿಗೂ ಬೆಲೆಯಿದೆ. ಗಾಡಿ ತಡವಾಗುವುದು ಖಚಿತವಾದರೆ ಕಬ್ಬನ್ನು ನೆರಳಿಗೆ ಗುಡ್ಡೆ ಹಾಕಿ, ರವದಿ ಮುಚ್ಚಿ, ನೀರು ಚಿಮುಕಿಸಬೇಕು. ಇದು ಉಪಶಮನ ಮಾತ್ರ, ಪರಿಹಾರವಲ್ಲ.

'ನಾನೊಬ್ಬ ತಾಜಾ ಕಬ್ಬು ಕಳಿಸಿ ಏನು ಬಂತು, ದರ ಎಲ್ಲರಿಗೂ ಒಂದೇ ಅಲ್ಲವೆ?' ಎಂದು ರೈತರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ದರ ಕಾರ್ಖಾನೆಯ ಸರಾಸರಿ ಇಳುವರಿಯ ಮೇಲೆ ನಿಲ್ಲುತ್ತದೆ, ಒಬ್ಬೊಬ್ಬರ ಗಾಡಿಯ ಮೇಲಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಬ್ಬೊಬ್ಬ ಬೆಳೆಗಾರನ ಕಬ್ಬಿನ ಬ್ರಿಕ್ಸ್, ಪೋಲ್, ನಾರುಗಳನ್ನು ಅಳೆದು ಹಣ ಕೊಡುತ್ತಾರೆ. ಅಲ್ಲಿ ಹಿಡುವಳಿಗಳು ದೊಡ್ಡವು. ಎರಡು ಮೂರು ಎಕರೆಯವರೇ ಹೆಚ್ಚಿರುವ ನಮ್ಮಲ್ಲಿ ಅದು ಸುಲಭವಲ್ಲ. ಸರಾಸರಿಯನ್ನು ಎತ್ತಬೇಕಾದರೆ ಊರಿನ ಒಂದು ದಿಕ್ಕಿನ ಕಬ್ಬನ್ನೆಲ್ಲ ನೆಟ್ಟ ದಿನಾಂಕದ ಸರದಿಯಲ್ಲಿ ಕಡಿಸುವ ಒಪ್ಪಂದವನ್ನು ಬೆಳೆಗಾರರೇ ತಮ್ಮೊಳಗೆ ಮಾಡಿಕೊಳ್ಳಬೇಕು, ಮತ್ತು ಗಾಡಿ ಗೊತ್ತಾಗುವವರೆಗೆ ಕುಡುಗೋಲು ಎತ್ತಬಾರದು. ವಿಸ್ತರಣಾ ಕಾರ್ಯಕರ್ತರು ಹಂಗಾಮು ಆರಂಭವಾಗುವ ಮೊದಲೇ ಕಾರ್ಖಾನೆಯ ಕಬ್ಬು ವಿಭಾಗದೊಡನೆ ಕೂತು ಪಕ್ವತೆಯ ಸಮೀಕ್ಷೆಯ ಪೋಲ್ ಅಂಕಿಗಳನ್ನು ಊರವಾರು ಪಡೆದು ಪಂಚಾಯಿತಿಯ ಫಲಕದಲ್ಲಿ ಹಚ್ಚಿಸಬಹುದು.

ಬೆಳಕು ತಿರುಗುವುದನ್ನು ಕಣ್ಣಾರೆ ನೋಡಬಯಸುವವರಿಗೆ ಶಾಲೆಯಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಬಹುದಾದ ಸುಲಭ ಪ್ರಯೋಗವೊಂದಿದೆ. ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದರ ಮೇಲೊಂದು ಹಿಡಿದು ಕತ್ತಲಾಗುವವರೆಗೆ ಒಂದನ್ನು ತಿರುಗಿಸಿ. ಅವುಗಳ ನಡುವೆ ಚಪ್ಪಟೆ ತಳದ ಗಾಜಿನ ಲೋಟದಲ್ಲಿ ನಾಲ್ಕು ಬೆರಳು ಎತ್ತರ ದಪ್ಪ ಸಕ್ಕರೆಪಾಕವಿಟ್ಟು ಕೆಳಗಿನಿಂದ ಬ್ಯಾಟರಿ ಹಿಡಿದು ಮೇಲಿನಿಂದ ನೋಡಿ. ಕತ್ತಲಿದ್ದ ಕಡೆ ಬೆಳಕು ಮೂಡುತ್ತದೆ. ಮೇಲಿನ ಹಾಳೆಯನ್ನು ತಿರುಗಿಸಿದಂತೆ ಬಣ್ಣ ಬದಲಾಗುತ್ತದೆ, ಏಕೆಂದರೆ ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ತಿರುಗುತ್ತದೆ. ಅದೇ ಲೋಟದಲ್ಲಿ ಬರೀ ನೀರನ್ನಿಟ್ಟರೆ ಕತ್ತಲು ಹಾಗೆಯೇ ಉಳಿಯುತ್ತದೆ.